ವೊಂಡ್ರಾ ಗೆರೆ ದಾಟಿದ ದಿನ

ಪ್ಲಮ್ ಕ್ರೀಕ್ ಕಾಲೇಜಿನ ಬೇಸ್‌ಬಾಲ್ ಕೋಚ್ ಅಂದರೆ ಹುಡುಗರಿಗೆ ಆಟ ಹೇಳಿಕೊಡುವವನು ಮಾತ್ರ ಎಂದು ಯಾರಾದರೂ ತಿಳಿದಿದ್ದರೆ, ಅವರು ನೆಬ್ರಾಸ್ಕಾದ ಈ ಮೂಲೆಯನ್ನು ನೋಡಿದವರಲ್ಲ. ಹುಲ್ಲು ಕತ್ತರಿಸುವವನು ಅವನೇ, ಬಸ್ಸು ಓಡಿಸುವವನು ಅವನೇ, ಬೆವರು ನಾರುವ ಇಪ್ಪತ್ತೆಂಟು ಜೊತೆ ಬಟ್ಟೆ ಒಗೆದು ಒಣಗಿಸುವವನು ಅವನೇ. ಆಟದ ದಿನ ಬೆಳಿಗ್ಗೆ ಸುಣ್ಣದ ಪುಡಿಯ ಗಾಡಿ ತಳ್ಳಿಕೊಂಡು ಮೈದಾನದ ಎರಡೂ ಅಂಚಿಗೆ ಬಿಳಿ ಗೆರೆ ಎಳೆಯುವವನೂ ಅವನೇ. ಲೈಲ್ ವೊಂಡ್ರಾ ಇಪ್ಪತ್ತನಾಲ್ಕು ವರ್ಷ ಇದನ್ನೆಲ್ಲ ಮಾಡಿದ್ದ. ಗೊಣಗದೆ ಮಾಡಿದ್ದ ಎಂದರೆ ಸುಳ್ಳಾಗುತ್ತದೆ. ಗೊಣಗುತ್ತಲೇ ಮಾಡಿದ್ದ.

ಗೊಣಗಲು ಕಾರಣವಿತ್ತು. ಅವನು ನೀರು ಹಾಯಿಸಿ, ಕಳೆ ಕಿತ್ತು, ಮಗುವಿನಂತೆ ಸಾಕಿದ ಆ ಮೈದಾನಕ್ಕೆ ಬರ್ಲ್ ಸ್ಟ್ರೌಡ್ ಮೈದಾನ ಎಂದು ಹೆಸರು. ಆ ಬರ್ಲ್ ಸ್ಟ್ರೌಡ್ ಲೈಲ್‌ನ ಕೈ ಮುರಿದವನು.

ಮುರಿದದ್ದು ಅಂದರೆ ದೊಣ್ಣೆ ತೆಗೆದುಕೊಂಡು ಮುರಿದದ್ದಲ್ಲ. ೧೯೭೧ರಲ್ಲಿ ಸ್ಟ್ರೌಡ್ ಕೋಚ್ ಆಗಿದ್ದ, ಲೈಲ್ ಅವನ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು. ಇಪ್ಪತ್ತೆರಡು ವರ್ಷದ ಲೈಲ್ ಮೈದಾನದ ನಡುವಿನ ದಿಬ್ಬದ ಮೇಲೆ ನಿಂತು ಎಸೆದರೆ ಎದುರಿನವರು ಬ್ಯಾಟು ಎತ್ತುವುದರೊಳಗೆ ಅದು ಕ್ಯಾಚರ್‌ನ ಕೈಗವಸಿನಲ್ಲಿರುತ್ತಿತ್ತು. ವಲಯದ ಫೈನಲ್ ಒಂಬತ್ತು ಇನಿಂಗ್ಸಿಗೆ ಮುಗಿಯದೆ ಹನ್ನೊಂದಕ್ಕೆ ಎಳೆಯಿತು. ಏಳನೆಯದರಲ್ಲೇ ಲೈಲ್‌ನ ಕಿರುಬೆರಳು ಮರಗಟ್ಟಿತ್ತು. ಹೋಗಿ ಹೇಳಿದ. "ನಾಳೆ ನೋವಾದ್ರೆ ನಾಳೆ ನೋಡ್ಕೊಳ್ಳೋಣ, ಇವತ್ತು ಎಸಿ" ಎಂದ ಸ್ಟ್ರೌಡ್. ಲೈಲ್ ಎಸೆದ. ನೂರಾ ತೊಂಬತ್ತಕ್ಕೂ ಹೆಚ್ಚು ಎಸೆತ. ತಂಡ ಗೆದ್ದಿತು. ಕಾಲೇಜಿನ ಗೋಡೆಯ ಮೇಲೆ ಇವತ್ತಿಗೂ ತೂಗುವ ಒಂದೇ ಒಂದು ವಿಜಯ ಪತಾಕೆ ಅದು. ಆ ಬೇಸಿಗೆಯಲ್ಲಿ ದೊಡ್ಡ ಲೀಗಿನ ತಂಡವೊಂದು ಲೈಲ್‌ನನ್ನು ಕರೆಸಿಕೊಂಡಿತು. ಒಂಬತ್ತು ವಾರದಲ್ಲಿ ಮನೆಗೆ ಕಳಿಸಿತು, ಏಕೆಂದರೆ ಅವನು ಎಸೆದ ಚೆಂಡು ಕ್ಯಾಚರ್ ಹತ್ತಿರ ಹೋಗುವ ಮೊದಲೇ ನೆಲ ಮುಟ್ಟುತ್ತಿತ್ತು. ಈಗ ಅವನಿಗೆ ನಲವತ್ತೊಂಬತ್ತು. ಬಲಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿ ಮಾರ್ಲಿಸ್ ಕುರ್ಚಿ ಹತ್ತುತ್ತಾಳೆ.

ಮೂರು ವರ್ಷದ ಮೇಲೆ ಸ್ಟ್ರೌಡ್ ನಿವೃತ್ತನಾದಾಗ "ನನ್ನ ಹುಡುಗ" ಎಂದು ಹೇಳಿ ಕೆಲಸವನ್ನು ಲೈಲ್‌ಗೆ ಕೊಡಿಸಿದ. ಊರಿನವರು ಕಣ್ಣೀರು ಒರೆಸಿಕೊಂಡು ಮೈದಾನಕ್ಕೆ ಮುದುಕನ ಹೆಸರಿಟ್ಟರು. ಈಗ ಎಂಬತ್ತನಾಲ್ಕಾದರೂ ಪ್ರತಿ ಆಟಕ್ಕೂ ಸ್ಟ್ರೌಡ್ ಮಡಚುವ ಕುರ್ಚಿ ಹಿಡಿದು ಬಂದು, ಬ್ಯಾಟರ್ ಬೆನ್ನ ಹಿಂದೆ ಕಟ್ಟಿದ ಬಲೆಯಾಚೆ ಕೂತು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ, ಲೈಲ್ ಮಾಡಿದ ತಪ್ಪುಗಳನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಆಟ ಮುಗಿದ ಮೇಲೆ ಆ ಸಿಪ್ಪೆ ಗುಡಿಸುವವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಲೈಲ್ ಒಂದು ನಿಯಮ ಮಾಡಿಕೊಂಡಿದ್ದ. ಎಡಜೇಬಿನಲ್ಲಿ ಒತ್ತಿದರೆ ಎಣಿಸುವ ಪುಟ್ಟ ಯಂತ್ರ ಇಟ್ಟುಕೊಂಡು ಪ್ರತಿ ಎಸೆತಕ್ಕೂ ಒತ್ತುತ್ತಿದ್ದ. ನೂರಾ ಹತ್ತು ಆಯಿತೋ, ಪಿಚರ್ ಎಂಥವನೇ ಇರಲಿ, ಆಟ ಎಲ್ಲಿಗೇ ಬಂದಿರಲಿ, ಅವನು ಕೆಳಗಿಳಿಯಬೇಕು. ಈ ನಿಯಮದ ದೆಸೆಯಿಂದ ಅವನ ಕೈಕೆಳಗೆ ಯಾವ ಹುಡುಗನ ಕೈಯೂ ಹೋಗಿರಲಿಲ್ಲ. ಇದೇ ನಿಯಮದ ದೆಸೆಯಿಂದ ಐದು ಸಲ ತಂಡ ಫೈನಲ್ ತನಕ ಹೋಗಿ ಸೋತಿತ್ತು. ಹೋಗದೆ ಉಳಿದ ಕೈಗಳನ್ನು ಯಾರು ಎಣಿಸುತ್ತಾರೆ? ಊರು ಎಣಿಸಿದ್ದು ಸೋಲುಗಳನ್ನು. ಕಾಫಿ ಅಂಗಡಿಯಲ್ಲಿ ಅವನಿಗೆ 'ನೂರಾ ಹತ್ತು' ಎಂದೇ ಅಡ್ಡಹೆಸರು. "ಏನ್ ನೂರಾ ಹತ್ತು, ಈ ವರ್ಷನಾದ್ರೂ ಎಣಿಕೆ ಮುಂದಕ್ಕೆ ಹೋಗತ್ತಾ?" ಎಂದು ಕೇಳಿ ನಗುವವರೆದುರು ಲೈಲ್ ಗಸಗಸೆ ತುಂಬಿದ ಕೊಲಾಚೆ ಬನ್ನನ್ನು ಬಾಯಿಗೆ ತುರುಕಿಕೊಂಡು ಸುಮ್ಮನಿರುತ್ತಿದ್ದ. ಬಾಯಿ ತುಂಬಿದ್ದರೆ ಬೈಗುಳ ಹೊರಗೆ ಬರುವುದಿಲ್ಲ ಎಂಬುದು ಅವನ ಅನುಭವ.

ಹೀಗಿರುವಾಗ ಡೇನ್ ಕುಬಿಚೆಕ್ ಬಂದ. ಹಂದಿ ಸಾಕುವವನ ಮಗ, ಆರಡಿ ನಾಲ್ಕಂಗುಲ, ಮಾತಿಗೆ ಮುಂಚೆ ಮೂಗಿನ ತುದಿಯಲ್ಲಿ ಸಿಟ್ಟು. ನಾಲ್ಕು ವರ್ಷದಲ್ಲಿ ಲೈಲ್ ಅವನ ಕಾಲಿನ ಹೆಜ್ಜೆ ತಿದ್ದಿದ, ಸೊಂಟ ತಿರುಗುವುದನ್ನು ತಿದ್ದಿದ, ಸಿಟ್ಟನ್ನು ಮಾತ್ರ ತಿದ್ದಲಾಗಲಿಲ್ಲ. ಕೊನೆಯ ವರ್ಷ ಹುಡುಗ ಗಂಟೆಗೆ ತೊಂಬತ್ಮೂರು ಮೈಲಿ ವೇಗದಲ್ಲಿ ಎಸೆಯತೊಡಗಿದ. ಬಾಡಿಗೆ ಕಾರುಗಳಲ್ಲಿ ಅಪರಿಚಿತರು ಬರತೊಡಗಿದರು. ದೊಡ್ಡ ತಂಡಗಳಿಗೆ ಹುಡುಗರನ್ನು ಹುಡುಕುವ ಆಯ್ಕೆಗಾರರು ಅವರು. ಬಂದೂಕಿನಂಥ ಯಂತ್ರ ಹಿಡಿದು ಎಸೆತದ ವೇಗ ಅಳೆದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಜೂನ್ ತಿಂಗಳಿನ ಆಯ್ಕೆಯಲ್ಲಿ ಹುಡುಗನ ಹೆಸರು ಬರುವುದೋ ಇಲ್ಲವೋ ಎನ್ನುವುದು ಆ ಪುಸ್ತಕಗಳಲ್ಲಿರುತ್ತದೆ. 'ಕೈ ನೋವು' ಎಂಬ ಎರಡು ಮಾತು ಅದರಲ್ಲಿ ಬಿತ್ತೋ, ಹುಡುಗ ಜೀವನಪೂರ್ತಿ ಹಂದಿಗೆ ಮೇವು ಹಾಕುತ್ತಿರಬೇಕು.

ಆ ವರ್ಷ, ೧೯೯೮ರ ಮೇ ತಿಂಗಳ ಎರಡನೇ ಶನಿವಾರ, ವಲಯದ ಫೈನಲ್ ಪ್ಲಮ್ ಕ್ರೀಕ್‌ನಲ್ಲೇ ನಡೆಯಿತು. ಎದುರಾಳಿ ಹಾರ್ಲನ್ ಕಾಲೇಜು. ಲೈಲ್‌ಗೆ ಆರನೇ ಫೈನಲ್. ಕ್ರೀಡಾ ನಿರ್ದೇಶಕ ಆ ಬೆಳಿಗ್ಗೆ ಬಂದು ಹೆಗಲು ತಟ್ಟಿ, "ಇದೊಂದು ಗೆದ್ಬಿಡು ಲೈಲ್, ಮುಂದಿನ ವರ್ಷದ ಮಾತು ನನಗೂ ಸುಲಭ ಆಗತ್ತೆ" ಎಂದು ಹೇಳಿ ಹೋದ. ನಯವಾಗಿ ಕತ್ತು ಹಿಸುಕುವುದೆಂದರೆ ಇದೇ.

ಎಂಟು ಇನಿಂಗ್ಸ್ ಮುಗಿದಾಗ ಪ್ಲಮ್ ಕ್ರೀಕ್ ಎರಡು, ಹಾರ್ಲನ್ ಒಂದು. ಇನ್ನು ಹಾರ್ಲನ್‌ನ ಮೂವರನ್ನು ಔಟ್ ಮಾಡಿದರೆ ಇಪ್ಪತ್ತೇಳು ವರ್ಷದ ಮೇಲೆ ಗೋಡೆಗೆ ಎರಡನೇ ಪತಾಕೆ. ಲೈಲ್‌ನ ಜೇಬಿನ ಯಂತ್ರ ನೂರಾ ನಾಲ್ಕು ತೋರಿಸುತ್ತಿತ್ತು.

ತೆಗೆಯಬೇಕಾಗಿತ್ತು. ಬದಲಿಗೆ ಇದ್ದವನು ರಸ್ಟಿ, ಎರಡನೇ ವರ್ಷದ ಹುಡುಗ, ಒಳ್ಳೆಯವನು, ಒತ್ತಡ ಬಿದ್ದರೆ ನೀರಾಗುವವನು. ಲೈಲ್ ರಸ್ಟಿಯ ಮುಖ ನೋಡಿದ, ಗೋಡೆ ನೆನೆಸಿಕೊಂಡ, ಬಲೆಯ ಹಿಂದಿನ ಮುದುಕನನ್ನು ನೋಡಿದ. "ಇನ್ನೊಂದು ಇನಿಂಗ್ಸ್" ಎಂದು ಡೇನ್‌ಗೆ ಹೇಳಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಯಂತ್ರ ಒತ್ತುವ ಬೆರಳಿಗೆ ನಾಚಿಕೆಯಾಯಿತು.

ಒಂಬತ್ತನೆಯದರಲ್ಲಿ ಮೊದಲ ಬ್ಯಾಟರ್ ಎಂಟು ಎಸೆತ ಕಾದು ಒಂಬತ್ತನೆಯದನ್ನು ದೂರಕ್ಕೆ ಬಾರಿಸಿ ಎರಡನೇ ಬೇಸಿಗೆ ಓಡಿ ನಿಂತ. ನೂರಾ ಹದಿಮೂರು. ಆಗ ಲೈಲ್ ನೋಡಿದ: ದಿಬ್ಬದ ಹಿಂದೆ ತಿರುಗಿ ನಿಂತ ಡೇನ್ ಬಲಗೈಯನ್ನು ತೊಡೆಯ ಪಕ್ಕ ಇಳಿಬಿಟ್ಟು, ನೀರು ಕೊಡವಿದಂತೆ ಎರಡು ಸಲ ಬೆರಳು ಕೊಡವಿದ. ಬೇರೆ ಯಾರಿಗೂ ಅದರಲ್ಲಿ ಏನೂ ಕಾಣಿಸುವಂತಿರಲಿಲ್ಲ. ಲೈಲ್ ತಂಡ ಕೂರುವ ಡಗೌಟಿನಿಂದ ಎದ್ದು, ಗೆರೆ ದಾಟಿ, ದಿಬ್ಬಕ್ಕೆ ನಡೆದ. ಕ್ಯಾಚರ್ ಎಫ್ರೇನ್ ಕೂಡ ಬಂದು ಸೇರಿಕೊಂಡ.

"ಕಿರುಬೆರಳು ಜುಮ್ ಅಂತಿದೆಯಾ?" ಎಂದು ಕೇಳಿದ ಲೈಲ್.

"ಇಲ್ಲ ಕೋಚ್."

"ಬೊಗಳಬೇಡ. ಆ ಬೆರಳು ನನ್ನ ಹತ್ರಾನೂ ಒಂದಿದೆ."

ಡೇನ್ ಕೈಗವಸನ್ನು ಬಾಯಿಗೆ ಅಡ್ಡ ಹಿಡಿದ. "ಸ್ವಲ್ಪ. ಏಳನೇದ್ರಿಂದ. ಕೋಚ್, ದಮ್ಮಯ್ಯ ಅಂತೀನಿ, ತೆಗೀಬೇಡಿ. ಬಲೆ ಹಿಂದೆ ಐದು ಜನ ಆಯ್ಕೆಗಾರರು ಕೂತಿದ್ದಾರೆ. ಗೆಲ್ತಾ ಇರೋ ಆಟದಲ್ಲಿ ನನ್ನ ಎಳ್ಕೊಂಡು ಹೋದ್ರೆ ಅವರೇನು ಕತ್ತೆ ಕಾಯೋರಾ? ನಿಮ್ಮ ನೂರಾ ಹತ್ತು ಆಗ್ಲೇ ದಾಟಿದೆ, ಈಗ ತೆಗೆದ್ರೆ ಎಣಿಕೆಗೋಸ್ಕರ ಅಂತ ಯಾರೂ ನಂಬಲ್ಲ. ಕೈ ಹೋಗಿದೆ ಅಂತ ಐದೂ ಜನ ಬರ್ಕೋತಾರೆ."

"ಬೊಬ್ಬೆ ಎದ್ದಿದೆ ಅಂತ ಹೇಳೋಣ."

"ತೋರ್ಸು ಅಂತಾರೆ. ಎಲ್ಲಿಂದ ತರ್ಲಿ ಬೊಬ್ಬೇನ?"

ಎಫ್ರೇನ್ ಹಿಂದೆ ತಿರುಗಿ ನೋಡಿ, "ಕೋಚ್, ಅಂಪೈರ್ ಬರ್ತಾ ಇದ್ದಾನೆ. ಏನು ಪ್ರಾರ್ಥನೆ ಇದ್ರೂ ಬೇಗ ಮುಗಿಸಿ" ಎಂದ.

"ಮೂರೇ ಔಟ್ ಕೋಚ್," ಎಂದ ಡೇನ್. "ಮೂರು ಔಟ್ ಕೊಡ್ತೀನಿ. ಆಮೇಲೆ ಬೇಕಾದ್ರೆ ಕೈ ಕತ್ತರಿಸಿ ಇಟ್ಕೊಳ್ಳಿ."

ಲೈಲ್ ಹಿಂದಕ್ಕೆ ನಡೆದ. ಹುಡುಗನ ಭವಿಷ್ಯಕ್ಕೋಸ್ಕರ ಬಿಟ್ಟು ಬಂದೆ ಎಂದು ಗೆರೆ ದಾಟುವ ತನಕ ತನಗೇ ಹೇಳಿಕೊಂಡ. ಡಗೌಟಿನ ಮೆಟ್ಟಿಲು ಇಳಿಯುವಾಗ ಆ ಮಾತು ತನಗೇ ನಂಬಿಕೆಯಾಗಲಿಲ್ಲ. ಗೆಲ್ಲುವ ಆಸೆಗೆ ಬಿಟ್ಟು ಬಂದಿದ್ದ. ಬಲೆಯ ಹಿಂದಿನಿಂದ ಸ್ಟ್ರೌಡ್ ಚಪ್ಪಾಳೆ ತಟ್ಟಿ, "ಈಗ ಕೋಚ್ ಆದೆ ನೋಡು ಲೈಲ್!" ಎಂದು ಕೂಗಿದ. ಆ ಚಪ್ಪಾಳೆ ಅವನಿಗೆ ಕಪಾಳಕ್ಕೆ ಬಿದ್ದಷ್ಟು ಉರಿಯಿತು.

ಮುಂದಿನ ಬ್ಯಾಟರ್ ಚೆಂಡನ್ನು ಆಕಾಶಕ್ಕೆ ಎತ್ತಿ ಕ್ಯಾಚ್ ಕೊಟ್ಟ. ಒಂದು ಔಟ್. ಅದರ ಮುಂದಿನವನಿಗೆ ಡೇನ್ ಸಾಲಾಗಿ ನಾಲ್ಕು ಕೆಟ್ಟ ಎಸೆತ ಹಾಕಿದ. ಪ್ರತಿ ಎಸೆತಕ್ಕೂ ಅವನ ಮೊಣಕೈ ಒಂದೊಂದು ಅಂಗುಲ ಕೆಳಗಿಳಿಯುತ್ತಿತ್ತು, ಕೊನೆಯದರಲ್ಲಿ ಹೆಗಲಿಗಿಂತ ಕೆಳಗೆ ಬಂದಿತ್ತು. ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದ. ನೂರಾ ಇಪ್ಪತ್ತು. ಡೇನ್ ಮತ್ತೆ ಬೆರಳು ಕೊಡವಿದ, ಈ ಸಲ ನಾಲ್ಕು ಬಾರಿ.

ಇನ್ನು ಬಿಟ್ಟರೆ ಮುಗಿಯಿತು. ಎಷ್ಟು ಎಸೆತ ಉಳಿದಿದೆ ಎಂದು ಲೈಲ್‌ಗೆ ಲೆಕ್ಕ ಬೇಕಾಗಿರಲಿಲ್ಲ, ಹುಡುಗನ ಮೊಣಕೈಯೇ ಹೇಳುತ್ತಿತ್ತು. ಆದರೆ ತೆಗೆಯುವುದು ಹೇಗೆ? ಐದು ನಿಮಿಷದ ಹಿಂದೆ ಹೋಗಿ ಮಾತಾಡಿ, ಇರಲಿ ಎಂದು ಬಿಟ್ಟು ಬಂದ ಪಿಚರನ್ನು ಈಗ ಕರೆದರೆ ಆ ಐವರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಆಗಲೇ ಒಬ್ಬ ಕುತ್ತಿಗೆ ಉದ್ದ ಮಾಡಿ ಡೇನ್‌ನ ಕೈಯನ್ನೇ ನೋಡುತ್ತಿದ್ದ. ಬಿಟ್ಟರೆ ಕೈ ಹೋಗುತ್ತದೆ, ಕರೆದರೆ ಹೆಸರು ಹೋಗುತ್ತದೆ. ಲೈಲ್‌ಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಮುದುಕನ ಮೇಲೆ, ಆಯ್ಕೆಗಾರರ ಮೇಲೆ, ಐದು ನಿಮಿಷದ ಹಿಂದಿನ ತನ್ನ ಮೇಲೆ.

ಬೇಸ್‌ಬಾಲಿನಲ್ಲಿ ಒಂದು ನಿಯಮವಿದೆ. ಒಂದು ಇನಿಂಗ್ಸಿನಲ್ಲಿ ಕೋಚ್ ಒಂದೇ ಪಿಚರನ್ನು ಮಾತಾಡಿಸಲು ಒಂದು ಸಲ ದಿಬ್ಬಕ್ಕೆ ಹೋಗಬಹುದು. ಎರಡನೇ ಸಲ ಹೋದರೆ, ಕಾರಣ ಏನೇ ಇರಲಿ, ಆ ಪಿಚರ್ ಆಟದಿಂದ ಹೊರಗೆ. ದಿಬ್ಬದ ತನಕ ಹೋಗಲೂಬೇಕಿಲ್ಲ, ಸುಣ್ಣದ ಗೆರೆ ದಾಟಿದರೆ ಸಾಕು, ಹೋದ ಲೆಕ್ಕವೇ. ಹತ್ತು ವರ್ಷದ ಮಕ್ಕಳ ತಂಡ ನಡೆಸುವ ಅಪ್ಪಂದಿರಿಗೂ ಇದು ಗೊತ್ತು. ಇದನ್ನು ಮರೆಯುವ ಕೋಚ್‌ನನ್ನು ಜನ ಸಾಯುವ ತನಕ ಆಡಿಕೊಳ್ಳುತ್ತಾರೆ.

ಲೈಲ್ ಎದ್ದ. ಎರಡನೇ ಬೇಸಿನ ಹತ್ತಿರ ನಿಂತ ತನ್ನ ತಂಡದ ಹುಡುಗನಿಗೆ, "ಲೋ, ಬಲಕ್ಕೆ ಸರಿಯೋ! ಬಲಕ್ಕೆ! ಕಿವಿ ಏನು ಬಾಡಿಗೆಗೆ ಕೊಟ್ಟಿದ್ದೀಯಾ?" ಎಂದು ಕೂಗಿದ. ಹುಡುಗ ಏನೂ ಅರ್ಥವಾಗದೆ ಕಿವಿಗೆ ಕೈ ಹಿಡಿದ. ಲೈಲ್ ಕೈಬೀಸುತ್ತ, ಬೈಯುತ್ತ, ಸಿಟ್ಟಿನಲ್ಲಿ ಮೈಮರೆತವನಂತೆ ಮೆಟ್ಟಿಲು ಹತ್ತಿ ನೇರ ಮೈದಾನದೊಳಗೆ ನುಗ್ಗಿದ. ಆ ಬೆಳಿಗ್ಗೆ ತಾನೇ ಬಗ್ಗಿ ಎಳೆದ ಬಿಳಿ ಗೆರೆಯ ಮೇಲಿಂದ ಎಡಗಾಲು ಆಚೆ ಇಟ್ಟ. ಬಲಗಾಲನ್ನೂ ಇಟ್ಟ.

"ಲೈಲ್!" ಎಂದು ಅಂಪೈರ್ ವೆಂಡೆಲ್ ಕೈಯೆತ್ತಿದ. ಇಪ್ಪತ್ತು ವರ್ಷದ ಪರಿಚಯ, ಅವನ ದನಿಯಲ್ಲಿ ಮರುಕವೇ ಇತ್ತು. "ಎರಡನೇ ಸಲ ಆಯ್ತಲ್ಲೋ ಮಾರಾಯ. ಪಿಚರ್ ಹೋಗ್ಬೇಕು."

"ನಾನು ಅವನ ಹತ್ರ ಹೋಗ್ತಾ ಇರ್ಲಿಲ್ಲ! ಅಲ್ಲಿ ಆ ಕಿವುಡನಿಗೆ ಹೇಳ್ತಿದ್ದೆ!"

"ಗೆರೆ ದಾಟಿದ್ದೀಯ."

"ನೀನೇನು ಗೆರೆ ಕಾಯೋಕೆ ಹುಟ್ಟಿದ್ದೀಯಾ?" ಎಂದು ಲೈಲ್ ಟೋಪಿ ತೆಗೆದು ನೆಲಕ್ಕೆ ಬಡಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಅಂಪೈರ್ ಜೊತೆ ಜಗಳವಾಡಿದ್ದು ಯಾರೂ ನೋಡಿರಲಿಲ್ಲ, ಆದ್ದರಿಂದ ಎಲ್ಲರೂ ನಂಬಿದರು. ನಟನೆ ಎಂದು ಶುರುಮಾಡಿದ್ದು ಅರ್ಧದಲ್ಲೇ ನಿಜವಾಯಿತು. ಗೋಡೆಯ ಪತಾಕೆ, ಮುರಿದ ಕೈ, ಸಿಪ್ಪೆ ಗುಡಿಸಿದ ಅಷ್ಟೂ ಸಂಜೆಗಳು ಅವನ ಬಾಯಿಂದ ಬೈಗುಳವಾಗಿ ಬಂದವು. ವೆಂಡೆಲ್ ಬೆರಗಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಬಲೆಯ ಹಿಂದೆ ಐವರು ಆಯ್ಕೆಗಾರರು ನಗುತ್ತಿದ್ದರು. ಒಬ್ಬ ಇನ್ನೊಬ್ಬನ ತೊಡೆಗೆ ಹೊಡೆದು ನಗುತ್ತಿದ್ದ. ಡೇನ್‌ನ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಲೈಲ್ ಅದನ್ನು ಓರೆಗಣ್ಣಿನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಟೋಪಿ ಎತ್ತಿಕೊಂಡ.

ಡೇನ್ ದಿಬ್ಬದಿಂದ ಇಳಿದು ಬಂದು ಅವನ ಎದುರು ನಿಂತ. "ಮರ್ತ್ರಾ?" ಎಂದ. "ನಿಜವಾಗ್ಲೂ ಮರ್ತ್ರಾ?"

"ಹೋಗಿ ಕೂತ್ಕೋ," ಎಂದ ಲೈಲ್.

ರಸ್ಟಿ ಬಂದು ಎಸೆದ ಮೂರನೇ ಚೆಂಡನ್ನು ಹಾರ್ಲನ್‌ನವನು ಬೇಲಿಯ ಬುಡಕ್ಕೆ ಬಾರಿಸಿದ. ಇಬ್ಬರು ಓಡಿಬಂದು ಎರಡು ರನ್ ಮಾಡಿದರು. ಮೂರು, ಎರಡು. ಪ್ಲಮ್ ಕ್ರೀಕ್‌ನವರು ತಮ್ಮ ಸರದಿಯಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ. ಹಾರ್ಲನ್ ಹುಡುಗರು ಲೈಲ್ ಸಾಕಿದ ಹುಲ್ಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು.

ಸ್ಟ್ರೌಡ್ ಕುರ್ಚಿ ಮಡಚಿಕೊಂಡು ಬಲೆಯ ಹತ್ತಿರ ಬಂದ. "ಲೈಲ್, ನಾನು ಬೇಕಾದಷ್ಟು ತಪ್ಪು ಮಾಡಿದ್ದೀನಿ," ಎಂದ. "ಆದ್ರೆ ನಿಯಮ ಗೊತ್ತಿಲ್ದೆ ಆಟ ಸೋತಿಲ್ಲ. ಗೆರೆ ಎಳೆಯೋನೂ ನೀನೇ, ಗೆರೆ ಮರೆಯೋನೂ ನೀನೇ."

ಲೈಲ್ ಪೊರಕೆ ತೆಗೆದುಕೊಂಡು ಸಿಪ್ಪೆ ಗುಡಿಸಿದ.

ಮನೆಯಲ್ಲಿ ಮಾರ್ಲಿಸ್ ಹುರಿದ ಮಾಂಸ, ಎಲೆಕೋಸಿನ ಪಲ್ಯ ಬಡಿಸಿ ಎದುರು ಕೂತಳು. ಅವಳೂ ಆಟಕ್ಕೆ ಬಂದಿದ್ದಳು.

"ಮರೆತೆ," ಎಂದ ಲೈಲ್ ತಟ್ಟೆ ನೋಡುತ್ತ.

"ನಮ್ಮ ಮದುವೆ ದಿನ ಮರೀತೀಯ. ನನ್ನ ಹುಟ್ಟಿದ ದಿನ ಮರೀತೀಯ. ಒಲೆ ಮೇಲೆ ಹಾಲಿಟ್ಟು ಮರೀತೀಯ. ಇದನ್ನ ಮರೀಲಿಲ್ಲ ನೀನು," ಎಂದಳು ಮಾರ್ಲಿಸ್. "ಕೈಯಾ?"

ಲೈಲ್ ತಲೆಯಾಡಿಸಿದ.

"ಆ ಹುಡುಗನಿಗಾದ್ರೂ ಹೇಳು."

"ಅವನಿಗೆ ಹೇಳಿದ್ರೆ ರೇಡಿಯೋದಲ್ಲಿ ಹೇಳಿದ ಹಾಗೆ. ಅವನ ಬಾಯಿಗೆ ಬಾಗಿಲಿಲ್ಲ. ಅವರಪ್ಪನಿಗೆ ಹೇಳ್ತಾನೆ, ಅವರಪ್ಪ ಕಾಫಿ ಅಂಗಡೀಲಿ ಹೇಳ್ತಾನೆ. ಜೂನ್‌ನಲ್ಲಿ ಆಯ್ಕೆ ಮುಗೀಲಿ, ಹೇಳ್ತೀನಿ."

"ಅಲ್ಲಿ ತನಕ?"

"ಅಲ್ಲಿ ತನಕ ನಾನು ದಡ್ಡ."

ದಡ್ಡನಾಗಿರುವುದು ಅವನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಸೋಮವಾರ ಕಾಫಿ ಅಂಗಡಿಯ ನೆಲದ ಮೇಲೆ ಯಾರೋ ಬಾಗಿಲಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದಿದ್ದರು. ಲೈಲ್ ಒಳಗೆ ಕಾಲಿಟ್ಟ ಕೂಡಲೇ, "ಒಂದನೇ ಸಲ!" ಎಂದು ಹತ್ತು ಜನ ಒಟ್ಟಿಗೆ ಕೂಗಿದರು. ಕಾಫಿ ಕುಡಿದು ಹೊರಟಾಗ, "ಎರಡನೇ ಸಲ! ಇನ್ನು ನೀನು ಔಟು!" ಎಂದು ಬಿದ್ದು ಬಿದ್ದು ನಕ್ಕರು. ಅಂಗಡಿಯವಳು ಪಾಪವೆಂದು ಒಂದು ಕೊಲಾಚೆ ಹೆಚ್ಚಿಗೆ ಕಟ್ಟಿಕೊಟ್ಟಳು. ಅದು ನಗುವಿಗಿಂತ ಜಾಸ್ತಿ ಚುಚ್ಚಿತು. ಕ್ರೀಡಾ ನಿರ್ದೇಶಕ ಕರೆಸಿ, ಲೈಲ್‌ಗೆ ದಣಿವಾಗಿರಬಹುದು, ಹೊಸ ರಕ್ತದ ಬಗ್ಗೆ ಯೋಚಿಸುವ ಕಾಲ ಬಂದಿರಬಹುದು ಎಂದು ಕಿಟಕಿಯ ಕಡೆ ನೋಡಿಕೊಂಡು ಹೇಳಿದ. ಸತ್ಯ ಲೈಲ್‌ನ ನಾಲಿಗೆಯ ತನಕ ಬಂದು ಎರಡು ಸಲ ತಿರುಗಿ ಹೋಯಿತು.

ಸ್ಥಳೀಯ ಪತ್ರಿಕೆಯಲ್ಲಿ ಡೇನ್‌ನ ಮಾತು ಅಚ್ಚಾಯಿತು. ನನಗೆ ಛಲ ಕಲಿಸಿದವರು ಬರ್ಲ್ ಸ್ಟ್ರೌಡ್ ಎಂದು ಹೇಳಿದ್ದ. ನಾಲ್ಕು ವರ್ಷ ಆ ಹುಡುಗನ ಹೆಜ್ಜೆ ತಿದ್ದಿದ ಲೈಲ್ ಆ ಪುಟದಲ್ಲಿ ಆಲೂಗಡ್ಡೆ ಸಿಪ್ಪೆ ಸುತ್ತಿ ಕಸದ ಡಬ್ಬಕ್ಕೆ ಹಾಕಿದ.

ಇಷ್ಟಾದರೂ ಇದ್ಯಾವುದೂ ಅವನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಬೇರೆ. ಸರಿಯಾದ ಹೊತ್ತಿಗೆ ತೆಗೆದೆನೋ, ಆಗಲೇ ತಡವಾಗಿತ್ತೋ? ನೂರಾ ಹತ್ತಕ್ಕೆ ತೆಗೆಯಬೇಕಾದವನನ್ನು ನೂರಾ ಇಪ್ಪತ್ತಕ್ಕೆ ತೆಗೆದಿದ್ದ. ಆ ಹತ್ತು ಎಸೆತ ಅವನದೇ ಪಾಪ, ಅದಕ್ಕೆ ಸ್ಟ್ರೌಡ್‌ನನ್ನು ಬೈಯುವಂತಿರಲಿಲ್ಲ. ಆ ಹತ್ತರಲ್ಲಿ ಒಂದು ಸಾಕು, ಮೊಣಕೈಯೊಳಗಿನ ಎಳೆ ಕಿತ್ತುಹೋಗಲು. ಮೂರು ವಾರ ಕೈಗೆ ವಿಶ್ರಾಂತಿ ಕೊಟ್ಟು ಆಮೇಲೆ ಎಸೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆದರೆ ಡೇನ್ ಅವನ ಫೋನು ಎತ್ತುತ್ತಿರಲಿಲ್ಲ, ದಾರಿಯಲ್ಲಿ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಲೈಲ್ ಎಫ್ರೇನ್‌ಗೆ ಫೋನು ಮಾಡಿದ.

"ಮೂರು ವಾರ ಚೆಂಡು ಮುಟ್ಬೇಡ ಅಂತ ಅವನಿಗೆ ಹೇಳು. ನಾನು ಹೇಳ್ದೆ ಅಂತ ಹೇಳು."

"ನೀವು ಹೇಳಿದ್ರಿ ಅಂದ್ರೆ ಇವತ್ತೇ ನೂರು ಎಸೀತಾನೆ ಕೋಚ್," ಎಂದ ಎಫ್ರೇನ್. "ನಾನೇ ಹೇಳ್ದೆ ಅಂತೀನಿ."

"ಕೈ ಹೇಗಿದೆಯಂತೆ?"

"ಹೇಳಲ್ಲ. ಕೇಳಿದ್ರೆ ಕಚ್ಚೋಕೆ ಬರ್ತಾನೆ."

ಮೇ ಕೊನೆಯ ಶುಕ್ರವಾರ ಹುಡುಗರು ಸಮವಸ್ತ್ರ ವಾಪಸು ಕೊಡುವ ದಿನ. ಒಬ್ಬೊಬ್ಬರಾಗಿ ಬಂದು ಅಂಗಿ, ಪ್ಯಾಂಟು, ಬೆಲ್ಟು, ಟೋಪಿ ಡಗೌಟಿನ ಬೆಂಚಿನ ಮೇಲಿಟ್ಟು, ಕಣ್ಣು ತಪ್ಪಿಸಿ, "ಬರ್ತೀವಿ ಕೋಚ್" ಎಂದು ಹೋದರು. ರಸ್ಟಿ ಅತ್ತ. ಮಧ್ಯಾಹ್ನದ ಹೊತ್ತಿಗೆ ಒಬ್ಬನದು ಮಾತ್ರ ಬಾಕಿ ಇತ್ತು. ಕಾದು ಕಾದು ಸಾಕಾಗಿ ಲೈಲ್ ಬ್ಯಾಟರ್ ನಿಲ್ಲುವ ಜಾಗದ ಗುಂಡಿ ಮುಚ್ಚಲು ಹೋದ. ಕುಕ್ಕರಗಾಲಿನಲ್ಲಿ ಕೂತು ಜೇಡಿಮಣ್ಣು ತಟ್ಟುತ್ತಿದ್ದಾಗ ಎದುರಿನ ದಿಬ್ಬದ ಮೇಲೆ ನೆರಳು ಬಿತ್ತು.

ಡೇನ್ ಬಟ್ಟೆಯ ಚೀಲವನ್ನು ದಿಬ್ಬದ ಬುಡಕ್ಕೆ ಎಸೆದ. ಎಡಗೈಯಲ್ಲಿ ಎಸೆದ. ಲೈಲ್ ಅದನ್ನು ಗಮನಿಸಿದ, ಮನಸ್ಸು ಕುಸಿಯಿತು.

"ಎಲ್ಲ ಇದೆ. ಎಣಿಸ್ಕೊಳ್ಳಿ. ಎಣಿಸೋದು ನಿಮಗಿಷ್ಟ ಅಲ್ವಾ?"

"ಬಾ ಇಲ್ಲಿ, ಕೂತು ಮಾತಾಡೋಣ."

"ಏನ್ ಮಾತಾಡೋದು?" ಡೇನ್ ದನಿ ಏರಿತು. "ಎರಡು ಔಟ್ ಬಾಕಿ ಇತ್ತು. ಎರಡು! ನಮ್ಮಪ್ಪ ಅವತ್ತು ಜೀವಮಾನದಲ್ಲಿ ಮೊದಲ್ನೇ ಸಲ ಹಂದಿ ಬಿಟ್ಟು ಆಟಕ್ಕೆ ಬಂದಿದ್ದ. ನಾಲ್ಕು ವರ್ಷ ನೀವು ಹೇಳಿದ್ದೆಲ್ಲ ಕೇಳಿದೆ. ಕಾಲು ಹೀಗಿಡು ಅಂದ್ರೆ ಹೀಗಿಟ್ಟೆ. ನೀವು ಒಂದು ಗೆರೆ ನೆನಪಿಟ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮ ಕೈ ಹೋಯ್ತು ಅಂತ ಎಲ್ಲರದ್ದೂ ಹೋಗ್ಲಿ ಅಂತ ಕಾಯ್ತಿದ್ದೀರಾ?"

ಲೈಲ್‌ನ ಕಿವಿಯ ತನಕ ಬಿಸಿ ಏರಿತು. ಹೇಳಿಬಿಡಬೇಕು ಎನ್ನಿಸಿತು. ಜೂನ್ ಹಾಳಾಗಿ ಹೋಗಲಿ, ಈ ಕೊಬ್ಬಿದ ಹುಡುಗನ ಮುಖಕ್ಕೆ ಅಷ್ಟನ್ನೂ ಎರಚಿಬಿಡಬೇಕು. "ಲೇ ಡೇನ್..." ಎಂದು ಬಾಯಿ ತೆರೆದ.

ಅಷ್ಟರಲ್ಲಿ ಡೇನ್ ಜಾಕೀಟಿನ ಜೇಬಿನಿಂದ ಒಂದು ಚೆಂಡು ತೆಗೆದ. ಏಪ್ರಿಲ್‌ನಲ್ಲಿ ಗೆದ್ದ ಆಟವೊಂದರ ನಂತರ ಲೈಲ್ ತಾರೀಖು ಬರೆದು ಕೊಟ್ಟಿದ್ದ ಚೆಂಡು. "ಇದೂ ನಿಮ್ದೇ. ಇಟ್ಕೊಳ್ಳಿ!" ಎಂದವನು, ಸಿಟ್ಟಿನಲ್ಲಿ ದಿಬ್ಬದ ಮೇಲೆ ಕಾಲೆತ್ತಿ, ಸೊಂಟ ತಿರುಗಿಸಿ, ಬಲಗೈಯಿಂದ ಎಸೆದ.

ಲೈಲ್ ತಲೆ ಬಗ್ಗಿಸಲಿಲ್ಲ. ಬಗ್ಗಿಸಿದರೆ ಕಾಣುವುದಿಲ್ಲವಲ್ಲ. ಮೊಣಕೈ ಮೇಲೆದ್ದಿತು, ಹೆಗಲು ದಾಟಿತು, ಕಿವಿಯ ಪಕ್ಕದಿಂದ ಎಲ್ಲೂ ತಡವರಿಸದೆ ಮುಂದೆ ಬಂತು, ಕೈ ಎಡತೊಡೆಯ ತನಕ ಹರಿದು ಹೋಯಿತು. ಚೆಂಡು ಅವನ ಎಡಗಿವಿಯ ಪಕ್ಕದಲ್ಲಿ ಸುಯ್ಯೆಂದು ಹೋಗಿ ಹಿಂದಿನ ಹಲಗೆಗೆ ಬಡಿದ ಸದ್ದಿಗೆ ಬೇಲಿಯ ಮೇಲಿನ ಗುಬ್ಬಿಗಳು ಎದ್ದವು.

ಡೇನ್ ತಾನೇ ಹೆದರಿ ನಿಂತಿದ್ದ. ತಾಗಿದ್ದರೆ ತಲೆ ಒಡೆಯುತ್ತಿತ್ತು. ಬಲಗೈ ಸುಮ್ಮನೆ ಪಕ್ಕದಲ್ಲಿ ಜೋತುಬಿದ್ದಿತ್ತು. ಹುಡುಗ ಅದನ್ನು ಹಿಡಿದುಕೊಳ್ಳಲಿಲ್ಲ, ಮುಟ್ಟಿ ನೋಡಿಕೊಳ್ಳಲೂ ಇಲ್ಲ.

"ಇನ್ನೊಂದು ಎಸಿ," ಎಂದ ಲೈಲ್.

"ಏನು?"

"ಇನ್ನೊಂದು ಎಸಿಯೋ. ಆ ಬಕೆಟ್ಟಲ್ಲಿ ಚೆಂಡಿದೆ."

"ನಿಮಗೆ ತಲೆ ಕೆಟ್ಟಿದೆ," ಎಂದ ಡೇನ್. ಹಿಂದೆ ಹಿಂದೆ ಹೆಜ್ಜೆಯಿಟ್ಟ. "ಊರೆಲ್ಲ ಹೇಳೋದು ನಿಜ. ನಿಮಗೆ ನಿಜವಾಗ್ಲೂ ತಲೆ ಕೆಟ್ಟಿದೆ." ತಿರುಗಿ, ಹುಲ್ಲು ತುಳಿದುಕೊಂಡು, ಗೇಟನ್ನು ಧಡಾರನೆ ಹಾಕಿಕೊಂಡು ಹೋದ. ಹೊರಗೆ ನಿಲ್ಲಿಸಿದ್ದ ಅವನ ಲಾರಿ ಹೊರಟ ಸದ್ದು ಕೇಳಿಸಿತು.

ಲೈಲ್ ಹಾಗೇ ಮನೆಗೆ ನಡೆದ. ಗುಂಡಿ ಅರ್ಧ ಮುಚ್ಚಿತ್ತು, ಸಲಿಕೆ ಅಲ್ಲೇ ಬಿದ್ದಿತ್ತು. ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಮಾರ್ಲಿಸ್ ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಡೇನ್ ಬಂದಿದ್ನಾ? ಹೇಳಿದ್ಯಾ?"

"ಇಲ್ಲ. ಎಸೆದ."

"ಏನು ಎಸೆದ?"

"ಚೆಂಡು. ನನ್ನ ತಲೆಗೆ ಗುರಿ ಇಟ್ಟು ಎಸೆದ."

"ಅಯ್ಯೋ, ತಾಗ್ತಾ?"

"ತಾಗ್ಲಿಲ್ಲ. ತೊಂಬತ್ತು ಮೈಲಿ ಆದ್ರೂ ಇತ್ತು ಮಾರ್ಲಿಸ್. ಮೈ ಬಿಸಿ ಮಾಡ್ಕೊಳ್ದೆ, ಜಾಕೀಟು ಹಾಕ್ಕೊಂಡು, ತೊಂಬತ್ತು!" ಎಂದವನು, ಹಿಟ್ಟು ಚೆಲ್ಲಿದ್ದ ಮೇಜಿನ ಮೇಲೆ ತಲೆಯಿಟ್ಟು ಅತ್ತ.